ಎಬಿಸಿ ಬದಲು ಪಿಕ್ಯೂಆರ್ ಕೊಟ್ಟ ದಿನ

ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಕೆಲಸಕ್ಕೆ ಸೇರಿ 17 ವರ್ಷ ಆಯಿತು. ಪಾಠ ಹೇಗೆ ಮಾಡಬೇಕು ಅಂತ ಮೊದಲ ಹತ್ತು ವರ್ಷ ತುಂಬಾ ತಲೆ ಕೆಡಿಸಿಕೊಂಡಿದ್ದೆ. ಪರೀಕ್ಷೆ ಹೇಗೆ ಮಾಡಬೇಕು ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಪ್ರಶ್ನೆಪತ್ರಿಕೆ ತೆಗೆಯುವುದು, ತಿದ್ದುವುದು, ಅಂಕ ಬರೆಯುವುದು. ಅದರಲ್ಲಿ ಯೋಚಿಸೋಕೆ ಏನಿದೆ ಅಂತ ಅಂದುಕೊಂಡಿದ್ದೆ.

2019ರಲ್ಲಿ ಒಂದು ದಿನ ಹತ್ತನೇ ತರಗತಿಗೆ ಕಿರುಪರೀಕ್ಷೆ ಕೊಟ್ಟೆ. ವಿಷಯ ಥೇಲ್ಸ್‌ನ ಪ್ರಮೇಯ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಗೆರೆ ಎಳೆದರೆ ಅದು ಉಳಿದ ಎರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗ ಮಾಡುತ್ತದೆ. ಇಷ್ಟೇ ಪ್ರಮೇಯ. ಪುಸ್ತಕದಲ್ಲಿ ತ್ರಿಭುಜದ ಹೆಸರು ಎಬಿಸಿ, ಒಳಗಿನ ಗೆರೆ ಡಿಇ. ಎ ಮೇಲೆ, ಬಿಸಿ ಕೆಳಗೆ. ಮಕ್ಕಳು ಇದನ್ನು ಎಷ್ಟು ಸಲ ಬರೆದಿದ್ದರೆಂದರೆ, ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದರು. ಅವತ್ತು ನಾನು ತ್ರಿಭುಜವನ್ನು ತಲೆಕೆಳಗೆ ಮಾಡಿ ಬರೆದೆ. ಪಿಕ್ಯೂಆರ್ ಅಂತ ಹೆಸರಿಟ್ಟೆ, ಒಳಗಿನ ಗೆರೆಗೆ ಎಸ್‌ಟಿ ಅಂತ. ಬೇರೆ ಏನೂ ಬದಲಾಯಿಸಲಿಲ್ಲ.

ತುಂಬಾ ಹೊತ್ತು ಯಾರೂ ಪೆನ್ನು ಎತ್ತಲಿಲ್ಲ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಇದು ನೀವು ಕೊಟ್ಟಿದ್ದರಲ್ಲಿ ಇಲ್ಲ. ಎಬಿಸಿ ಬರಬೇಕಿತ್ತಲ್ವಾ?"

ಹಿಂದಿನ ಮೂರು ಪರೀಕ್ಷೆಗಳಲ್ಲಿ ಈ ಪ್ರಮೇಯಕ್ಕೆ ಅವಳು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಅವತ್ತು ಬಹಳಷ್ಟು ಮಕ್ಕಳು ನನ್ನ ಚಿತ್ರ ಬಿಟ್ಟು ತಮಗೆ ಗೊತ್ತಿದ್ದ ಎಬಿಸಿ ಚಿತ್ರ ಬರೆದು, ಪುಸ್ತಕದ ಸಾಧನೆಯನ್ನೇ ಇಳಿಸಿದ್ದರು.

ಮಾರನೇ ದಿನ ಅವಳನ್ನು ಕರೆದು ಅವಳ ಹಳೇ ಉತ್ತರಪತ್ರಿಕೆಯನ್ನೇ ಮುಂದಿಟ್ಟೆ. "ಬಿಡಿಇ, ಡಿಇಸಿ ತ್ರಿಭುಜಗಳ ವಿಸ್ತೀರ್ಣ ಸಮ ಅಂತ ಬರೆದಿದ್ದೀಯಲ್ಲ, ಯಾಕೆ ಸಮ?" ಅಂದೆ. "ಒಂದೇ ಪಾದದ ಮೇಲಿವೆ, ಒಂದೇ ಜೊತೆ ಸಮಾಂತರ ರೇಖೆಗಳ ನಡುವೆ ಇವೆ ಸಾರ್." ತಡವರಿಸದೆ ಹೇಳಿದಳು. "ಆ ಪಾದ ಯಾವುದು? ಬೆರಳಿಟ್ಟು ತೋರಿಸು." ಅವಳ ಬೆರಳು ಬಿಸಿ ಮೇಲೆ ಹೋಯಿತು. ಆ ಎರಡು ತ್ರಿಭುಜಗಳಿಗೂ ಪಾದ ಡಿಇ. ಅದು ಚಿತ್ರದ ಮಧ್ಯದಲ್ಲಿದೆ. ನಾನು ತಲೆ ಅಲ್ಲಾಡಿಸಿದಾಗ ಅವಳು ಕೇಳಿದ್ದು ಇಷ್ಟು: "ಪಾದ ಅಂದ್ರೆ ಕೆಳಗೆ ಇರೋದು ಅಲ್ವಾ ಸಾರ್?"

ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಉಳಿದಿದೆ. ಅವಳು ಸೋಮಾರಿ ಅಲ್ಲ, ದಡ್ಡಿ ಅಲ್ಲ. ನಾನು ಏನು ಕೇಳುತ್ತೇನೆ ಅಂತ ಸರಿಯಾಗಿ ಗಮನಿಸಿ, ಅದಕ್ಕೆ ತಕ್ಕ ಹಾಗೆ ತಯಾರಾಗಿದ್ದಳು. ಪ್ರತಿ ಸಲವೂ ಎಬಿಸಿ ಕೇಳಿ, ಪ್ರತಿ ಸಲವೂ ಪೂರ್ತಿ ಅಂಕ ಕೊಟ್ಟು, "ನಿನಗೆ ಇದು ಬಂತು" ಅಂತ ಅವಳಿಗೆ ಹೇಳಿದವನು ನಾನು.

ನಮ್ಮಲ್ಲಿ ಜನವರಿ ಬಂತೆಂದರೆ ಪಾಸಿಂಗ್ ಪ್ಯಾಕೇಜ್ ಶುರು. ಪ್ರಶ್ನೆಪತ್ರಿಕೆಯ ನೀಲನಕ್ಷೆ ನೋಡಿ, ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಅಂತ ಲೆಕ್ಕ ಹಾಕಿ, ಹಿಂದುಳಿದ ಮಕ್ಕಳಿಗೆ ಅಷ್ಟನ್ನೇ ತಿದ್ದಿ ತೀಡಿ ಕಲಿಸುವುದು. ಆಗ ನಮ್ಮ ಪ್ಯಾಕೇಜ್‌ನಲ್ಲಿ ಸ್ಪರ್ಶಕ ರಚನೆ, ಸಂಖ್ಯಾಶಾಸ್ತ್ರದ ಓಜೀವ್ ನಕ್ಷೆ, ಎರಡು ಚರಾಕ್ಷರಗಳ ಸಮೀಕರಣದ ನಕ್ಷೆ, ಒಂದೆರಡು ಪ್ರಮೇಯ ಇರುತ್ತಿದ್ದವು. ಲಿಖಿತ ಪರೀಕ್ಷೆ 80 ಅಂಕಕ್ಕೆ, ಪಾಸಾಗಲು 28 ಬೇಕಿತ್ತು. ಇದನ್ನು ನಾನು ಸುಲಭವಾಗಿ ಬೈಯಲಾರೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿಗೆ ಮಾರನೇ ತಿಂಗಳೇ ಗಾರ್ಮೆಂಟ್ಸ್ ಕೆಲಸ, ಇಲ್ಲವೇ ಮದುವೆ ಮಾತು. ಅವಳಿಗೆ ಪಾಸಾಗುವಷ್ಟು ಅಂಕ ಬೇಕೇ ಬೇಕು. ಈಗಲೂ ಡಿಸೆಂಬರ್ ಆದ ಮೇಲೆ ಅಂಥ ಮಕ್ಕಳನ್ನು ಸಂಜೆ ಕೂರಿಸಿಕೊಂಡು ಅದನ್ನೇ ಮಾಡಿಸುತ್ತೇನೆ.

ತಪ್ಪಾಗಿದ್ದು ಬೇರೆ ಕಡೆ. ಹತ್ತನೇ ತರಗತಿಯ ಕೊನೆಯ ಮೂರು ತಿಂಗಳಿಗೆ ಬೇಕಾದ ಅಭ್ಯಾಸವನ್ನು ನಾವು ಎಂಟನೇ ತರಗತಿಯ ಜೂನ್ ತಿಂಗಳಿಗೇ ತಂದುಬಿಟ್ಟೆವು. ಎಂಟನೇ ತರಗತಿಯ ಮಗುವೂ "ಸಾರ್, ಇದು ಎಷ್ಟು ಮಾರ್ಕ್ಸ್‌ಗೆ ಬರುತ್ತೆ?" ಅಂತ ಕೇಳಲು ಕಲಿತದ್ದು ನಮ್ಮಿಂದಲೇ.

ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶವನ್ನೇ ನೋಡಿ. 2021ರಲ್ಲಿ ಕೊರೊನಾ ಕಾರಣಕ್ಕೆ ಎರಡೇ ದಿನದಲ್ಲಿ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಯಿತು. ಹೆಚ್ಚೂಕಡಿಮೆ ಎಲ್ಲರೂ ಪಾಸು. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. 2025ರ ಪರೀಕ್ಷೆ-1ರಲ್ಲಿ, ಅಂದರೆ ಮೊದಲ ಸುತ್ತಿನ ಪರೀಕ್ಷೆಯಲ್ಲಿ, ಆ ಕೃಪಾಂಕ ಇರಲಿಲ್ಲ, ಶೇ 62.34 ಆಯಿತು. ಅದೇ ಶಾಲೆಗಳು, ಅಂಥವೇ ಮಕ್ಕಳು, ಪಾಠ ಮಾಡಿದವರೂ ನಾವೇ. ನಾಲ್ಕು ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಏರುಪೇರಾಗಲು ಸಾಧ್ಯವೇ? ಅಳೆಯುವ ರೀತಿ ಬದಲಾಯಿತು. ಕ್ಯಾಮೆರಾ ಬಂದದ್ದು ಒಳ್ಳೆಯದೇ ಆಯಿತು ಅಂತ ನನ್ನ ಅಭಿಪ್ರಾಯ. ಆದರೆ ನನ್ನ ತರಗತಿಯ ಮಗುವಿಗೆ ಏನು ಬರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅನ್ನುವುದನ್ನು ಆ ಅಂಕಿಗಳಲ್ಲಿ ಯಾವುದೂ ಹೇಳುವುದಿಲ್ಲ. ಅದನ್ನು ನಾನೇ ಹುಡುಕಬೇಕು.

ಹುಡುಕಲು ಶುರು ಮಾಡಿದ್ದು ಆ 2019ರಲ್ಲೇ, ಒಂದು ಭಾನುವಾರ. ವರ್ಗ ಸಮೀಕರಣದ ಪರೀಕ್ಷೆಯ ಪತ್ರಿಕೆಗಳನ್ನು ಆಗಲೇ ತಿದ್ದಿ ಅಂಕ ಹಾಕಿದ್ದೆ. ಮತ್ತೆ ತೆಗೆದು ನೆಲದ ಮೇಲೆ ಹರಡಿಕೊಂಡು ಕೂತೆ. ಈ ಸಲ ಎಷ್ಟು ಅಂಕ ಅಂತ ನೋಡಲಿಲ್ಲ. ಯಾವ ಸಾಲಿನಲ್ಲಿ ತಪ್ಪಿದೆ ಅಂತ ನೋಡಿ, ಒಂದೇ ತರಹದ ತಪ್ಪುಗಳನ್ನು ಒಂದು ಗುಡ್ಡೆ ಮಾಡುತ್ತಾ ಹೋದೆ. ನಾಲ್ಕು ಗುಡ್ಡೆ ಆಯಿತು. ಎಲ್ಲಕ್ಕಿಂತ ದೊಡ್ಡ ಗುಡ್ಡೆಯಲ್ಲಿದ್ದ ತಪ್ಪು ವರ್ಗ ಸಮೀಕರಣದ್ದೇ ಆಗಿರಲಿಲ್ಲ.

ಲೆಕ್ಕ ಇದು: ಎಕ್ಸ್ ವರ್ಗ ಮೈನಸ್ 8 ಎಕ್ಸ್ ಪ್ಲಸ್ 15. ಗುಣಿಸಿದರೆ 15, ಕೂಡಿಸಿದರೆ −8 ಬರುವ ಎರಡು ಸಂಖ್ಯೆ ಬೇಕು. −3 ಮತ್ತು −5. ಮಕ್ಕಳು ಇದೇ ಜೋಡಿಯನ್ನು ಪಕ್ಕದಲ್ಲಿ ಬರೆದು, ಆಮೇಲೆ ಹೊಡೆದುಹಾಕಿದ್ದರು. ಯಾಕೆ? −3 − 5 = +8 ಅಂತ ಲೆಕ್ಕ ಹಾಕಿದ್ದರು. ಸೋಮವಾರ ಕೇಳಿದೆ. "ಮೈನಸ್ ಮೈನಸ್ ಪ್ಲಸ್ ಅಲ್ವಾ ಸಾರ್?" ಒಂದೇ ದನಿಯಲ್ಲಿ ಉತ್ತರ ಬಂತು. ಅದು ಗುಣಾಕಾರದ ನಿಯಮ. ಎಲ್ಲೋ ಆರನೇ ಏಳನೇ ತರಗತಿಯಲ್ಲಿ ಕಿವಿಗೆ ಬಿದ್ದು, ಕೂಡುವುದಕ್ಕೂ ಅದೇ ಅಂತ ಕೂತುಬಿಟ್ಟಿದೆ.

"ಅಂಗಡಿಯಲ್ಲಿ 3 ರೂಪಾಯಿ ಸಾಲ ಇದೆ. ಇವತ್ತು ಇನ್ನೂ 5 ರೂಪಾಯಿ ಸಾಲ ತಂದೆ. ಈಗ ನಿನ್ನ ಜೇಬಿನಲ್ಲಿ 8 ರೂಪಾಯಿ ಬಂತಾ?" ಅಂತ ಕೇಳಿದೆ. ನಕ್ಕರು. ಆಮೇಲೆ ಎರಡು ಪೀರಿಯಡ್ ಬರೀ ಇದನ್ನೇ ಮಾಡಿದೆವು. ಎಂಟನೇ ತರಗತಿಯಿಂದ ನಾನು ಈ ಮಕ್ಕಳಿಗೆ ಮೂರಕ್ಕೆ ಒಂದು, ಮೂರಕ್ಕೆ ಒಂದೂವರೆ ಅಂತ ಅಂಕ ಕೊಡುತ್ತಾ ಬಂದಿದ್ದೆ. ಆ "ಒಂದೂವರೆ"ಯ ಕೆಳಗೆ ಈ ತಪ್ಪು ಮೂರು ವರ್ಷ ಹಾಯಾಗಿ ಕೂತಿತ್ತು.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಅಂತ ಬಂದದ್ದು ನಿಜಕ್ಕೂ ಇದಕ್ಕಾಗಿಯೇ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ. ರೂಪಣಾತ್ಮಕ ಅಂದರೆ ಕಲಿಯುತ್ತಿರುವಾಗಲೇ ನೋಡಿ, ಅಲ್ಲೇ ಸರಿಮಾಡುವುದು. ಸಂಕಲನಾತ್ಮಕ ಅಂದರೆ ಕಲಿತು ಮುಗಿದ ಮೇಲೆ ಅಳೆಯುವುದು. ನಮ್ಮ ಕೈಯಲ್ಲಿ ಅದು ನಾಲ್ಕು ಸಣ್ಣ ಪರೀಕ್ಷೆ ಆಯಿತು. ಜೊತೆಗೆ ಕೃತಿಸಂಪುಟ, ಅಂದರೆ ಮಗು ಮಾಡಿದ ಕೆಲಸಗಳನ್ನು ಸೇರಿಸಿಡುವ ಕಡತ. ಎಷ್ಟೋ ಮಕ್ಕಳ ಕೃತಿಸಂಪುಟದಲ್ಲಿ ಅಕ್ಕನ ಕೈಬರಹ, ಜೆರಾಕ್ಸ್ ಅಂಗಡಿಯ ಚಿತ್ರ. ಮೇಲಿನವರು ಶಾಲೆಗೆ ಬರುತ್ತಾರೆ ಅಂದರೆ ಹಿಂದಿನ ರಾತ್ರಿ ಕೂತು 17, 18, 18 ಅಂತ ದಾಖಲೆ ತುಂಬಿದವರಲ್ಲಿ ನಾನೂ ಒಬ್ಬ. ಹತ್ತನೇ ತರಗತಿಯ 20 ಆಂತರಿಕ ಅಂಕವನ್ನು ಕೇಳಲೇಬೇಡಿ. ನಾನು ಅದನ್ನು ಹಂಚಿದ್ದೇನೆ ಅಷ್ಟೇ, ಅಳೆದು ಕೊಟ್ಟಿಲ್ಲ. ಮಕ್ಕಳಿಗೆ ಸಹಾಯ ಆಗಲಿ ಅಂತಲೇ ಮಾಡಿದ್ದು. ಆದರೆ ಆ ಅಂಕದಿಂದ ಒಂದು ಮಗುವೂ ಏನನ್ನೂ ತಿಳಿದುಕೊಳ್ಳಲಿಲ್ಲ.

ಒಂದು ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರು ಇಸ್ರೇಲಿನ ರೂತ್ ಬಟ್ಲರ್ ಅವರ 1988ರ ಅಧ್ಯಯನದ ಬಗ್ಗೆ ಹೇಳಿದರು. ಐದು, ಆರನೇ ತರಗತಿಯ ಮಕ್ಕಳನ್ನು ಮೂರು ಗುಂಪು ಮಾಡಿದ್ದರಂತೆ. ಒಂದು ಗುಂಪಿಗೆ ಬರೀ ಅಂಕ. ಇನ್ನೊಂದಕ್ಕೆ ಬರೀ ಅಭಿಪ್ರಾಯದ ಒಂದು ಸಾಲು. ಮೂರನೆಯದಕ್ಕೆ ಅಂಕವೂ ಇದೆ, ಆ ಸಾಲೂ ಇದೆ. ಮುಂದಿನ ಕೆಲಸದಲ್ಲಿ ಚೆನ್ನಾಗಿ ಮಾಡಿದ್ದು ಬರೀ ಸಾಲು ಪಡೆದ ಗುಂಪು. ಎರಡೂ ಪಡೆದವರು ಅಂಕ ಮಾತ್ರ ಪಡೆದವರ ಹಾಗೆಯೇ ಉಳಿದರು. ಅಂಕ ಕಂಡ ತಕ್ಷಣ ಮಗು ಮುಂದಿನ ಸಾಲು ಓದುವುದೇ ಇಲ್ಲ ಅಂತ ಅವರು ವಿವರಿಸಿದರು. ನನಗೆ ಅದರಲ್ಲಿ ಅನುಮಾನ ಬರಲಿಲ್ಲ. ಪತ್ರಿಕೆ ಕೊಟ್ಟ ದಿನ ಮಕ್ಕಳು ಏನು ಮಾಡುತ್ತಾರೆ ಅಂತ ಕಣ್ಣಾರೆ ನೋಡಿದ್ದೆ. ಮೂಲೆಯಲ್ಲಿರುವ ಅಂಕಿ ನೋಡುವುದು, ಪಕ್ಕದವನದು ನೋಡುವುದು, ಮಡಚಿ ಬ್ಯಾಗಿಗೆ ಹಾಕುವುದು.

ಮುಂದಿನ ರೂಪಣಾತ್ಮಕದಿಂದ ಪತ್ರಿಕೆ ಮೇಲೆ ಅಂಕ ಬರೆಯುವುದನ್ನು ನಿಲ್ಲಿಸಿದೆ. ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಮಗುವಿನ ಪತ್ರಿಕೆಯಲ್ಲಿ ಒಂದೇ ಸಾಲು. ಮೊದಮೊದಲು ನಾನು ಬರೆದ ಸಾಲುಗಳೇ ಕೆಟ್ಟದಾಗಿದ್ದವು. "ಚೆನ್ನಾಗಿದೆ", "ಇನ್ನೂ ಪ್ರಯತ್ನಿಸು". ಎಲ್ಲಿ, ಏನನ್ನು ಪ್ರಯತ್ನಿಸಬೇಕು ಅಂತ ಮಗುವಿಗೆ ಹೇಗೆ ಗೊತ್ತಾಗಬೇಕು? ನಿಧಾನಕ್ಕೆ ಕಲಿತೆ. "ಮೂರನೇ ಸಾಲಿನಲ್ಲಿ ಚಿಹ್ನೆ ಬದಲಾಗಿದೆ, ಯಾಕೆ?" "ಉತ್ತರ ಸರಿ, ಆದರೆ ಇದು ಮೀಟರೋ ಸೆಂಟಿಮೀಟರೋ?" ಪತ್ರಿಕೆ ಕೊಟ್ಟ ಮೇಲೆ ಅದೇ ಪೀರಿಯಡ್‌ನಲ್ಲಿ 15 ನಿಮಿಷ ಬಿಡುತ್ತೇನೆ. ಪೆನ್ಸಿಲ್‌ನಲ್ಲಿ ಸರಿಮಾಡಬೇಕು, ಪಕ್ಕದವರನ್ನು ಕೇಳಬಹುದು.

ಮೊದಲ ತಿಂಗಳು ಕಷ್ಟ ಆಯಿತು. "ಎಷ್ಟು ಸಾರ್, ಎಷ್ಟು ಸಾರ್" ಅಂತ ಮಕ್ಕಳು ಬೆನ್ನು ಬಿಡಲಿಲ್ಲ. ಚೆನ್ನಾಗಿ ಓದುವ ಹುಡುಗಿಯ ಅಪ್ಪ ಶಾಲೆಗೆ ಬಂದರು. "ಮಾರ್ಕ್ಸ್ ಹಾಕದಿದ್ದರೆ ಮಗಳು ಹೇಗೆ ಓದ್ತಿದ್ದಾಳೆ ಅಂತ ನಮಗೆ ಹೇಗೆ ಗೊತ್ತಾಗಬೇಕು ಮೇಷ್ಟ್ರೇ?" ಅವರ ಪ್ರಶ್ನೆ ನ್ಯಾಯವಾಗಿತ್ತು. ಅವಳ ಮೊದಲ ಉತ್ತರ, ತಿದ್ದಿದ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರಿಗೆ ಗಣಿತ ಅಷ್ಟು ಬರುತ್ತಿರಲಿಲ್ಲ. ಆದರೂ ಮಗಳು ಎಲ್ಲಿ ಹೊಡೆದುಹಾಕಿ ಎಲ್ಲಿ ಹೊಸದಾಗಿ ಬರೆದಿದ್ದಾಳೆ ಅಂತ ಬೆರಳಿಟ್ಟು ನೋಡಿದರು. ಪೂರ್ತಿ ಒಪ್ಪಿದರೋ ಇಲ್ಲವೋ, ಮತ್ತೆ ಕೇಳಲಿಲ್ಲ.

ಹೆಡ್‌ಮಾಸ್ಟರಿಗೆ ಬೇರೆ ಚಿಂತೆ. ಮಕ್ಕಳ ಅಂಕ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ಗೆ ಯಾವ ಅಂಕ ಹಾಕುತ್ತೀರಿ ಅಂದರು. ತಿದ್ದಿದ ಮೇಲಿನ ಅಂಕ ಹಾಕುತ್ತೇನೆ ಅಂದೆ. ಇದು ಮೋಸ ಅನ್ನುವ ಸಹೋದ್ಯೋಗಿಗಳು ಈಗಲೂ ಇದ್ದಾರೆ. ನಾನು ಒಪ್ಪುವುದಿಲ್ಲ. ಬುಧವಾರ ಬಾರದ್ದು ಶುಕ್ರವಾರ ಬಂದರೆ, ಬಂತು ಅಂತಲೇ ಬರೆಯಬೇಕು. ಸಂಕಲನಾತ್ಮಕಕ್ಕೆ ಈ ಸವಲತ್ತು ಕೊಡುವುದಿಲ್ಲ, ಅಲ್ಲಿ ಬರೆದದ್ದೇ ಅಂತಿಮ.

ಸಮಯದ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮೂರು ತರಗತಿ, ಸುಮಾರು 110 ಪತ್ರಿಕೆ. ಒಂದಕ್ಕೆ ಮೂರು ನಿಮಿಷ ಅಂದರೂ ಐದೂವರೆ ಗಂಟೆ. ಅದರ ಮೇಲೆ ಬಿಸಿಯೂಟದ ಲೆಕ್ಕ, ಗಣತಿ, ಮೀಟಿಂಗ್. ಹಾಗಾಗಿ ಪತ್ರಿಕೆಯ ಎಲ್ಲ ಪ್ರಶ್ನೆಗೂ ಬರೆಯುವುದಿಲ್ಲ. ಒಂದು ಮುಖ್ಯ ಪ್ರಶ್ನೆ ಆರಿಸಿಕೊಂಡು ಅದಕ್ಕೆ ಮಾತ್ರ ಬರೆಯುತ್ತೇನೆ. ಉಳಿದದ್ದನ್ನು ಬೋರ್ಡ್ ಮೇಲೆ ಎಲ್ಲರೂ ಸೇರಿ ನೋಡುತ್ತೇವೆ.

ಪರೀಕ್ಷೆಯೇ ಬೇಡ ಅನ್ನುವವನು ನಾನಲ್ಲ. ಈಗ ಮೊದಲಿಗಿಂತ ಜಾಸ್ತಿ ಪರೀಕ್ಷೆ ಮಾಡುತ್ತೇನೆ. ದಿನಾ ಪೀರಿಯಡ್ ಶುರುವಿನಲ್ಲಿ ಐದು ನಿಮಿಷ, ಮೂರು ಪ್ರಶ್ನೆ. ಒಂದು ನಿನ್ನೆಯದು, ಒಂದು ಹೋದ ತಿಂಗಳದು, ಒಂದು ಹೋದ ವರ್ಷದ್ದು. ಪುಸ್ತಕ ಮುಚ್ಚಿ ರಫ್ ಬುಕ್‌ನಲ್ಲಿ ಬರೆಯಬೇಕು. ಅಂಕ ಇಲ್ಲ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದ ವಿಷಯ ಇದಕ್ಕೆ ಆಧಾರ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರ ಬಿಟ್ಟು ನೋಡಿದಾಗ, ನೆನಪು ಮಾಡಿಕೊಂಡು ಬರೆದು ಅಭ್ಯಾಸ ಮಾಡಿದವರು ಮುಂದೆ. ನಮ್ಮ ಮಕ್ಕಳಲ್ಲೂ ಹಾಗೇ ಕಾಣುತ್ತಿದೆ. ಜುಲೈನಲ್ಲಿ ಮಾಡಿದ ಪಾಠ ಡಿಸೆಂಬರ್‌ನಲ್ಲಿ ಮೊದಲಿನಿಂದ ಶುರು ಮಾಡಬೇಕಾದ ಪರಿಸ್ಥಿತಿ ಈಗ ಕಡಿಮೆ.

ನಾನು ತುಂಬಾ ಖುಷಿಪಟ್ಟ ಬದಲಾವಣೆ ಕೊನೆಯ ಬೆಂಚಿನಲ್ಲಿ ಆಗಿದೆ. ಪತ್ರಿಕೆ ಕೈಗೆ ಬಂದ ತಕ್ಷಣ ಜೇಬಿಗೆ ತುರುಕುತ್ತಿದ್ದ ಹುಡುಗರು ಈಗ ಅದನ್ನು ಡೆಸ್ಕ್ ಮೇಲೆ ಬಿಡಿಸಿಟ್ಟುಕೊಳ್ಳುತ್ತಾರೆ. ಮುಚ್ಚಿಡೋಕೆ ಅದರಲ್ಲಿ ಅಂಕಿ ಇಲ್ಲ. "ನಿನಗೇನು ಬರೆದಿದ್ದಾರೆ?" ಅಂತ ಒಬ್ಬರನ್ನೊಬ್ಬರು ಕೇಳುತ್ತಾರೆ. ಕಾಪಿ ಮಾಡುವುದೂ ಕಡಿಮೆಯಾಗಿದೆ.

ಥೇಲ್ಸ್‌ನ ಪ್ರಮೇಯಕ್ಕೆ ಈಗ ನಾನು ಚಿತ್ರ ಕೊಡುವುದಿಲ್ಲ. ನಿಮ್ಮ ತ್ರಿಭುಜ ನೀವೇ ಬರೆಯಿರಿ, ನಿಮಗಿಷ್ಟ ಬಂದ ಅಕ್ಷರ ಇಡಿ ಅನ್ನುತ್ತೇನೆ. ಮೊನ್ನೆ ಒಬ್ಬ ಹುಡುಗ ಓರೆಯಾದ ಒಂದು ತ್ರಿಭುಜ ಬರೆದು ಮೂರು ಮೂಲೆಗೆ ಕ, ಮ, ಲ ಅಂತ ಇಟ್ಟಿದ್ದ. ಅವನ ಅಮ್ಮನ ಹೆಸರು. ಒಳಗಿನ ಗೆರೆಗೆ ತ, ನ. ಹತ್ತಿರ ಹೋಗಿ, ವಿಸ್ತೀರ್ಣ ಸಮ ಅಂತ ಬರೆದಿದ್ದೀಯಲ್ಲ, ಆ ಎರಡು ತ್ರಿಭುಜದ ಪಾದ ಯಾವುದು ಅಂತ ಕೇಳಿದೆ. ಪೆನ್ಸಿಲ್ ತುದಿಯನ್ನು ನೇರ ಒಳಗಿನ ಗೆರೆ ಮೇಲೆ ಇಟ್ಟ. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಕಡೆಯ ಅನುಪಾತ ತಿರುಗಿಸಿ ಬರೆದಿದ್ದ. "ಕೊನೆಯ ಸಾಲಿನ ಎಡಗಡೆ, ಬಲಗಡೆ ಎರಡನ್ನೂ ಚಿತ್ರದ ಜೊತೆ ಹೋಲಿಸಿ ನೋಡು" ಅಂತ ಬರೆದು ವಾಪಸ್ ಕೊಟ್ಟಿದ್ದೇನೆ. ನಾಳೆ ತರುತ್ತಾನೆ.