ಈ ಪೊಟ್ಯಾಸಿಯಂ ಯಾರದು?

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲಿ, ಒಂದೇ ಬೆಳಗ್ಗೆ ಆರು ಜನರಿಗೆ ನಾನು ಇಲ್ಲದ ಕಾಯಿಲೆ ತರಿಸಿದೆ. ಆರೂ ಮಂದಿಯ ವರದಿಯಲ್ಲಿ ಪೊಟ್ಯಾಸಿಯಂ ಆರರ ಮೇಲಿತ್ತು. ಇರಬೇಕಾದದ್ದು ಲೀಟರಿಗೆ 3.5ರಿಂದ 5 ಮಿಲಿಮೋಲ್; ಹೆಚ್ಚಾದದ್ದನ್ನು ಹೊರಹಾಕುವುದು ಮೂತ್ರಪಿಂಡ. ವರದಿಗಳು ವಾರ್ಡು ಸೇರಿದ ಹತ್ತು ನಿಮಿಷಕ್ಕೆ ಫೋನು ಬಂತು. "ರಾತ್ರಿ ಬೆಳಗಾಗುವುದರೊಳಗೆ ಆರು ಜನಕ್ಕೂ ಮೂತ್ರಪಿಂಡ ಕೆಟ್ಟುಹೋಯಿತೇ? ಅದೇನು ಊರಿಗೆ ಬಂದ ಮಾರಿಯೇ?" ಎಂದು ವೈದ್ಯರು ಕೇಳಿದರು. ಅವರ ದನಿಯಲ್ಲಿ ಕೋಪಕ್ಕಿಂತ ವ್ಯಂಗ್ಯ ಹೆಚ್ಚಿತ್ತು. ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗಿದ್ದು ಇಷ್ಟು. ಹಿಂದಿನ ಸಂಜೆ ಸ್ಯಾಂಪಲ್‌ಗಳು ತಡವಾಗಿ ಬಂದಿದ್ದವು. ಕರೆಂಟು ಹೋಗಿತ್ತು, ರಕ್ತಕಣಗಳನ್ನು ಬೇರ್ಪಡಿಸುವ ಸೆಂಟ್ರಿಫ್ಯೂಜ್ ತಿರುಗಿಸುವ ಹಾಗಿರಲಿಲ್ಲ. ಹಾಲು, ಹೂವು, ದೋಸೆ ಹಿಟ್ಟು ಎಲ್ಲವನ್ನೂ ಕೆಡದಂತೆ ಕಾಯುವ ಫ್ರಿಜ್ ರಕ್ತವನ್ನು ಕಾಯದೇ ಎಂದುಕೊಂಡು ಟ್ಯೂಬ್‌ಗಳನ್ನು ಹಾಗೆಯೇ ಒಳಗಿಟ್ಟು ಮನೆಗೆ ಹೋದೆ. ಬೆಳಗ್ಗೆ ಬಂದು ತಿರುಗಿಸಿದರೆ ಕಣಗಳ ಮೇಲೆ ಉಳಿಯುವ ತಿಳಿ, ಅಂದರೆ ಸೀರಂ, ತಿಳಿಹಳದಿಯಾಗಿ, ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಕೆಂಪು ಕಣ ಒಡೆದಿದ್ದರೆ ಸೀರಂ ಕೆಂಪಾಗಬೇಕು ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಕಣ ಒಡೆಯದೆಯೂ ಸೋರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಪುಸ್ತಕ ಹೇಳಿತ್ತೇನೋ, ನಾನು ಓದಿರಲಿಲ್ಲ.

ಕೆಂಪು ರಕ್ತಕಣದ ಒಳಗೆ ಪೊಟ್ಯಾಸಿಯಂ ಲೀಟರಿಗೆ ನೂರರ ಮೇಲಿರುತ್ತದೆ, ಹೊರಗಿನ ನೀರಿನಲ್ಲಿ ನಾಲ್ಕು ಮಾತ್ರ. ಸೋಡಿಯಂ ಇದಕ್ಕೆ ತಿರುಗುಮುರುಗು: ಹೊರಗೆ 140ರ ಹತ್ತಿರ, ಒಳಗೆ ತೀರ ಕಡಿಮೆ. ಈ ಏರುಪೇರು ತಾನಾಗಿ ನಿಲ್ಲುವುದಿಲ್ಲ. ಜೀವಕೋಶದ ಪೊರೆಯಲ್ಲಿ ಕೂತ ಒಂದು ಪಂಪು ಮೂರು ಸೋಡಿಯಂ ಹೊರಗೆಸೆದು ಎರಡು ಪೊಟ್ಯಾಸಿಯಂ ಒಳಗೆಳೆಯುತ್ತಾ ಹಗಲಿರುಳೂ ದುಡಿಯುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಇದನ್ನು ಕಂಡುಕೊಂಡರು, 1997ರಲ್ಲಿ ನೊಬೆಲ್ ಬಂತು. ಚಳಿಯಲ್ಲಿ ಪಂಪು ಮರಗಟ್ಟುತ್ತದೆ. ಒಳಗಿನ ಪೊಟ್ಯಾಸಿಯಂ ಸದ್ದಿಲ್ಲದೆ ಹೊರಗೆ ಜಿನುಗುತ್ತದೆ, ಬಣ್ಣ ಬದಲಾಗುವುದಿಲ್ಲ. ಆ ಆರು ಮಂದಿಯ ಪೊಟ್ಯಾಸಿಯಂ ಅವರ ಮೈಯದಾಗಿರಲಿಲ್ಲ, ನಮ್ಮ ಫ್ರಿಜ್‌ನದು. ಹೊಸದಾಗಿ ರಕ್ತ ತೆಗೆದಾಗ ಆರೂ ಜನರದು ಸರಿಯಾಗಿಯೇ ಇತ್ತು.

ಅಂದು ನನ್ನ ಹಿರಿಯ ತಂತ್ರಜ್ಞರು ಬೈಯಲಿಲ್ಲ. ಮೂಲೆಯಲ್ಲಿ ಧೂಳು ಹೊದ್ದು ಕೂತಿದ್ದ, ಜ್ವಾಲೆಯ ಬಣ್ಣದಿಂದ ಸೋಡಿಯಂ, ಪೊಟ್ಯಾಸಿಯಂ ಅಳೆಯುವ ಹಳೆಯ ಫ್ಲೇಮ್ ಫೋಟೋಮೀಟರಿನ ಹತ್ತಿರ ಕರೆದುಕೊಂಡು ಹೋದರು. ಈಗ ಎಲ್ಲ ಕಡೆ ಎಲೆಕ್ಟ್ರೋಡಿನ ಯಂತ್ರಗಳು. ಆಗ ಇದೊಂದು ಪುಟ್ಟ ಒಲೆ: ಅಡುಗೆ ಮನೆಯದೇ ಗ್ಯಾಸ್ ಸಿಲಿಂಡರು, ಗಾಳಿಗೆ ಕಂಪ್ರೆಸರು, ನಡುವೆ ನೀಲಿ ಜ್ವಾಲೆ. ಅವರು ಬೀಕರಿನಲ್ಲಿ ಬಟ್ಟಿ ಇಳಿಸಿದ ನೀರು ತೆಗೆದುಕೊಂಡು ಕೊಳವೆಗೆ ಕೊಟ್ಟರು. ಜ್ವಾಲೆ ನೀಲಿಯಾಗಿಯೇ ಉಳಿಯಿತು. "ಈಗ ಬೆರಳು ಅದ್ದು" ಎಂದರು. ಅದ್ದಿ ತೆಗೆದೆ. ಅದೇ ನೀರು ಮತ್ತೆ ಒಳಗೆ ಹೋದಾಗ ಜ್ವಾಲೆಗೆ ಅರಿಶಿನ ಎರಚಿದ ಹಾಗಾಯಿತು. ನನ್ನ ಬೆವರಿನ ಸೋಡಿಯಂ. ಅಷ್ಟು ಸಾಕಾಗಿತ್ತು. "ಈ ಲೋಹಗಳು ಎಲ್ಲೆಲ್ಲೂ ಇವೆ. ನಿನ್ನ ಕೈಯಲ್ಲಿ, ಗಾಜಿನಲ್ಲಿ, ಟ್ಯೂಬಿನ ಪುಡಿಯಲ್ಲಿ. ಅಂಕಿ ಬಂದಾಗ ಮೊದಲು ಅದು ಯಾರದು ಎಂದು ಕೇಳು" ಎಂದರು.

ಪಿಯುಸಿಯಲ್ಲಿ ಕ್ಷಾರ ಲೋಹ ಎಂದರೆ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಸೋಡಿಯಂ, ಚಾಕುವಿನಲ್ಲಿ ಬೆಣ್ಣೆಯಂತೆ ಕೊಯ್ದು ನೀರಿಗೆ ಹಾಕಿದರೆ ಬುಸುಗುಟ್ಟುತ್ತಾ ಓಡಾಡುವ ಚೂರು, ಅಷ್ಟೆ. ಆ ರೌದ್ರಕ್ಕೆಲ್ಲ ಕಾರಣ ಹೊರಕವಚದ ಒಂಟಿ ಎಲೆಕ್ಟ್ರಾನು. ಅದನ್ನು ಯಾರಿಗಾದರೂ ಕೊಟ್ಟು ಕೈತೊಳೆದುಕೊಂಡ ಮೇಲೆ ಸೋಡಿಯಂ ಪರಮ ಸಾಧು. ರಕ್ತದಲ್ಲಿರುವುದು ಈ ಸಾಧುಗಳೇ. ಆದರೆ ಜ್ವಾಲೆಗೆ ಬಿದ್ದರೆ ಒಂದೊಂದೂ ತನ್ನ ಬಣ್ಣ ತೋರಿಸುತ್ತದೆ: ಸೋಡಿಯಂ ಹಳದಿ, ಪೊಟ್ಯಾಸಿಯಂ ತಿಳಿನೇರಳೆ, ಲಿಥಿಯಂ ಕಡುಗೆಂಪು. ಬುನ್ಸೆನ್ ಮತ್ತು ಕಿರ್ಖಾಫ್ 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಪತ್ತೆ ಮಾಡಿದ್ದೂ ಹೀಗೆಯೇ, ರೋಹಿತದಲ್ಲಿ ಕಂಡ ನೀಲಿ ಮತ್ತು ಕೆಂಪು ಗೆರೆಗಳಿಂದ. ಹೆಸರೂ ಆ ಬಣ್ಣಗಳದೇ. ನಮ್ಮ ಯಂತ್ರದಲ್ಲಿ ಜ್ವಾಲೆ ಅಲುಗಾಡಿದರೂ ಲೆಕ್ಕ ತಪ್ಪದಿರಲೆಂದು ಪ್ರತಿ ಸ್ಯಾಂಪಲ್ಲಿಗೂ ಗೊತ್ತಾದ ಪ್ರಮಾಣದ ಲಿಥಿಯಂ ಬೆರೆಸುತ್ತಿದ್ದೆವು, ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಇಟ್ಟ ಹಾಗೆ. ಲಿಥಿಯಂ ಗುಳಿಗೆ ತಿನ್ನುವ ರೋಗಿಯ ಲಿಥಿಯಂ ಅನ್ನೇ ಅಳೆಯಬೇಕಾದರೆ ಆ ಕಲ್ಲು ಕೆಲಸಕ್ಕೆ ಬಾರದು. ಆಗ ಸೀಸಿಯಂ ಬಳಸುವ ಯಂತ್ರಗಳು ಬೇಕಾಗುತ್ತಿದ್ದವು.

ಲಿಥಿಯಂ ಬಗ್ಗೆ ನನಗೆ ಸ್ವಲ್ಪ ಮಮತೆ ಜಾಸ್ತಿ. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಗಿನಿಯಿಲಿಗಳಿಗೆ ಅದರ ಲವಣ ಚುಚ್ಚಿದಾಗ ಅವು ಮಂಕಾಗಿ ಮಲಗಿದ್ದನ್ನು ಕಂಡು, ಉನ್ಮಾದದ ರೋಗಿಗಳಿಗೆ ಕೊಟ್ಟು 1949ರಲ್ಲಿ ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಉಪ್ಪಿನ ಬದಲು ಮಾರುತ್ತಿದ್ದ ಲಿಥಿಯಂ ಕ್ಲೋರೈಡ್ ತಿಂದು ಕೆಲವರು ಸತ್ತು, ಅದನ್ನು ಮಾರುಕಟ್ಟೆಯಿಂದ ತೆಗೆಯಲಾಯಿತು. ಅಲ್ಲಿ ಔಷಧಿಯಾಗಿ ಒಪ್ಪಿಗೆ ಸಿಗಲು 1970 ಬರಬೇಕಾಯಿತು. ಮದ್ದಿಗೂ ವಿಷಕ್ಕೂ ನಡುವಿನ ಓಣಿ ಅಷ್ಟು ಇಕ್ಕಟ್ಟು. ರಕ್ತದಲ್ಲಿ ಸುಮಾರು 0.6ರಿಂದ 1.0 ಇದ್ದರೆ ಮದ್ದು, 1.5 ದಾಟಿದರೆ ಕೈನಡುಕ, ವಾಂತಿ, ತೊದಲು ಶುರುವಾಗಬಹುದು. ಅದಕ್ಕೇ ಕೊನೆಯ ಗುಳಿಗೆ ನುಂಗಿ ಹನ್ನೆರಡು ಗಂಟೆಯಾದ ಮೇಲೆ ರಕ್ತ ತೆಗೆಯುವುದು. ಮೂತ್ರಪಿಂಡಕ್ಕೆ ಲಿಥಿಯಂ ಸೋಡಿಯಂನ ತಮ್ಮನಂತೆಯೇ ಕಾಣುತ್ತದೆ. ಭೇದಿಯಾಗಿ ಉಪ್ಪು ನಷ್ಟವಾದರೆ ಅದು ಸೋಡಿಯಂ ಹಿಡಿದಿಡಲು ಹೋಗಿ ಲಿಥಿಯಂ ಅನ್ನೂ ಹಿಡಿದಿಡುತ್ತದೆ. ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಐಬುಪ್ರೊಫೆನ್ ಕೂಡ ಅದನ್ನು ಏರಿಸಬಲ್ಲದು.

ಹಾಗಾಗಿ ಒಬ್ಬ ಶಾಲಾ ಶಿಕ್ಷಕಿಯ ಲಿಥಿಯಂ 2.8 ಎಂದು ಬಂದಾಗ ನನ್ನ ಎದೆ ಧಸಕ್ಕೆಂದಿತು. ವರ್ಷಗಳಿಂದ 0.7ರ ಆಸುಪಾಸಿನಲ್ಲಿದ್ದವರು. ಫೋನು ಎತ್ತುವ ಮೊದಲು ಕಿಟಕಿಯಾಚೆ ನೋಡಿದೆ. ಆಕೆ ಬೆಂಚಿನ ಮೇಲೆ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ಕೆಂಪು ಪೆನ್ನು ಹಿಡಿದ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಒಳಗೆ ಬಂದು ಟ್ಯೂಬ್ ಹುಡುಕಿದೆ. ಹಸಿರು ಮುಚ್ಚಳ. ರಕ್ತ ಹೆಪ್ಪುಗಟ್ಟದಿರಲೆಂದು ಆ ಟ್ಯೂಬಿನ ಒಳಗೋಡೆಗೆ ಬಳಿದಿರುವುದು ಹೆಪಾರಿನ್, ಅದೂ ಲಿಥಿಯಂ ಹೆಪಾರಿನ್. ಲಿಥಿಯಂ ಅಳೆಯಲು ಲಿಥಿಯಂ ಬಳಿದ ಟ್ಯೂಬ್! ಕೆಂಪು ಮುಚ್ಚಳದ್ದರಲ್ಲಿ ಮತ್ತೆ ತೆಗೆದಾಗ 0.8. "ಮತ್ತೆ ಯಾಕೆ ಚುಚ್ಚಿದಿರಿ?" ಎಂದು ಕೇಳಿದರು. "ತಪ್ಪು ನಮ್ಮದು ಮೇಡಂ" ಎಂದೆ. "ಹಾಗಾದರೆ ನಿಮಗೂ ಒಂದು ಅಂಕ ಕಳೆಯಬೇಕು" ಎಂದು ನಕ್ಕರು.

ನೇರಳೆ ಮುಚ್ಚಳದ ಟ್ಯೂಬಿನದು ಇನ್ನೊಂದು ಕಥೆ. ಅದರಲ್ಲಿರುವುದು ಪೊಟ್ಯಾಸಿಯಂ ಇಡಿಟಿಎ, ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಲವಣ. ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲವೆಂದು ಯಾರೋ ನೇರಳೆಯದರಿಂದ ಒಂದಿಷ್ಟು ಸುರಿದರೆ ಪೊಟ್ಯಾಸಿಯಂ ಹದಿನೈದು, ಕ್ಯಾಲ್ಸಿಯಂ ಮುಕ್ಕಾಲು ಮಾಯ. ಆ ಅಂಕಿಯ ಮನುಷ್ಯ ಬದುಕಿರುವುದಿಲ್ಲ, ಆದ್ದರಿಂದ ಇದು ಸುಲಭಕ್ಕೆ ಸಿಕ್ಕಿಬೀಳುವ ಕಳ್ಳ. ಸಲೈನ್ ಏರುತ್ತಿರುವ ಕೈಯಿಂದಲೇ ರಕ್ತ ತೆಗೆಯುವವರನ್ನು ಹಿಡಿಯುವುದು ಕಷ್ಟ. ಇಂಥದನ್ನೆಲ್ಲ ನೋಡಿ ನೋಡಿ ನಾನು ಅನುಮಾನದ ಪಿಶಾಚಿಯಾದೆ. ಪೊಟ್ಯಾಸಿಯಂ ಆರು ದಾಟಿತೋ, "ಸ್ಯಾಂಪಲ್ ಸರಿಯಿಲ್ಲ, ಮತ್ತೆ ಕಳುಹಿಸಿ" ಎಂದು ಬರೆಯುವುದು ನನ್ನ ಜಾಣತನದ ಗುರುತು ಎಂದುಕೊಂಡಿದ್ದೆ.

ಒಂದು ಏಪ್ರಿಲ್ ಮಧ್ಯಾಹ್ನ 7.3 ಬಂತು. ಸೀರಂ ತುಸು ಗುಲಾಬಿ ಬಣ್ಣಕ್ಕಿತ್ತು. ಮಾಮೂಲಿ ಸಾಲು ಬರೆದು ಚಹಾಕ್ಕೆ ಹೊರಟವನು, ಟ್ಯೂಬಿನ ಮೇಲಿನ ವಾರ್ಡಿನ ಹೆಸರು ನೋಡಿ ನಿಂತೆ. ಡಯಾಲಿಸಿಸ್. ಚಹಾ ಬಿಟ್ಟು ನಾನೇ ಮೇಲೆ ಹೋದೆ. ಅರವತ್ತರ ಯಜಮಾನರು ಮಂಚದ ಮೇಲೆ ಕಾಲು ಎತ್ತಿಡಲಾರದೆ ಕೂತಿದ್ದರು. ಮೊಮ್ಮಗಳ ಮದುವೆಯೆಂದು ಒಂದು ಸರದಿ ತಪ್ಪಿಸಿದ್ದರು. ಮುಷ್ಟಿ ಬಿಗಿಯಬೇಡಿ ಎಂದು ಹೇಳಿ ನಿಧಾನವಾಗಿ ರಕ್ತ ತೆಗೆದೆ. ಅಷ್ಟರಲ್ಲಿ ಸಿಸ್ಟರ್ ಇಸಿಜಿ ತೆಗೆದಿದ್ದರು. ಅದರಲ್ಲಿ ಟಿ ಅಲೆಗಳು ಗುಡಾರದ ಕಂಬದಂತೆ ನೆಟ್ಟಗೆ ನಿಂತಿದ್ದವು, ಪೊಟ್ಯಾಸಿಯಂ ಹೃದಯವನ್ನು ಮುಟ್ಟಿದ ಗುರುತು. ವೈದ್ಯರು ನನ್ನ ಎರಡನೇ ಅಂಕಿಗೆ ಕಾಯಲಿಲ್ಲ. ಕ್ಯಾಲ್ಸಿಯಂ ಗ್ಲುಕೊನೇಟ್, ಹಿಂದೆಯೇ ಗ್ಲುಕೋಸಿನ ಜೊತೆ ಇನ್ಸುಲಿನ್, ಆಮೇಲೆ ಡಯಾಲಿಸಿಸ್. ನಾನು ಕೆಳಗೆ ಓಡಿ ಹಾಕಿದ ಸ್ಯಾಂಪಲ್ 7.1 ತೋರಿಸಿತು. ಈ ಸಲ ಪೊಟ್ಯಾಸಿಯಂ ಅವರದೇ.

"ಬಿಸಿಲಿಗೆ ಬಸವಳಿದಿದ್ದರು. ತಂಪಾಗಲಿ ಎಂದು ಎರಡು ಎಳನೀರು ಕುಡಿಸಿದೆ" ಎಂದು ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡರು. ಎಳನೀರಿನಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಧಾರಾಳ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ, ಇವರದಕ್ಕೆ ಹೊರಹಾಕುವ ಶಕ್ತಿ ಇರಲಿಲ್ಲ. ಅದನ್ನು ಆಕೆಗೆ ಮೊದಲೇ ಹೇಳಿದ್ದರಂತೆ. ಮದುವೆ ಮನೆಯ ಗದ್ದಲದಲ್ಲಿ ಮರೆತುಹೋಗಿದೆ. "ಉಪ್ಪು ಮಾತ್ರ ನಾನು ಬಿಗಿ ಮಾಡಿದ್ದೇನಪ್ಪಾ, ಬೇರೆಯದೇ ತರುತ್ತೇನೆ" ಎಂದರು. ಬೇರೆಯದು ಎಂದರೆ ಯಾವುದಮ್ಮ ಎಂದು ಕೇಳಿದೆ. ಹೆಸರು ನೆನಪಿಗೆ ಬರಲಿಲ್ಲ.

ಮುಂದಿನ ಸರದಿಗೆ ಬಂದಾಗ ಮರೆಯದೆ ಚೀಲದಿಂದ ಪೊಟ್ಟಣ ತೆಗೆದುಕೊಟ್ಟರು. ಎದುರಿಗೆ ದೊಡ್ಡದಾಗಿ ಕಡಿಮೆ ಸೋಡಿಯಂ ಎಂದು ಅಚ್ಚಾಗಿತ್ತು, ಪಕ್ಕದಲ್ಲಿ ಹೃದಯದ ಚಿತ್ರ. ಬಿ.ಪಿ. ಇರುವ ಎಷ್ಟೋ ಜನರಿಗೆ ಅದು ಒಳ್ಳೆಯ ಉಪ್ಪೇ. ತಿರುಗಿಸಿ, ಕನ್ನಡಕ ಏರಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆರಳಿಟ್ಟು ಓದಿದೆ: ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್.

"ಎಳನೀರಿನಲ್ಲಿ ಇದೆ ಅಂದಿರಲ್ಲ, ಅದೇನಾ ಇದೂ?" ಎಂದರು ಆಕೆ.

ಅದೇ ಅಮ್ಮ ಎಂದೆ. ಪೊಟ್ಟಣವನ್ನು ನನ್ನ ಕೈಯಿಂದ ಇಸಿದುಕೊಂಡು ಡಾಕ್ಟರಿಗೆ ತೋರಿಸಲು ಹೋದರು.