ಆರಿದ್ರ ನಕ್ಷತ್ರ ಇಲ್ಲೇ ಇದೆಯಲ್ಲ, ಅಷ್ಟು ದೂರದ್ದು ಯಾಕೆ?

ಊರಿಗೆ ಹೋದಾಗಲೆಲ್ಲ ಸೋದರಮಾವ ಕೇಳುವುದು ಇದೊಂದೇ ಪ್ರಶ್ನೆ. "ಅಲ್ಲ ಕಣಮ್ಮಾ, ನೀನು ಓದ್ತಿರೋದು ಮುದಿ ನಕ್ಷತ್ರಗಳ ವಿಚಾರ ಅಂತೀಯ. ಆರಿದ್ರಕ್ಕೆ ವಯಸ್ಸಾಗಿದೆ ಅಂತ ನೀನೇ ಹೇಳಿದ್ದೆ. ಅದು ಇಲ್ಲೇ ತಲೆ ಮೇಲಿರುವಾಗ ಬೇರೆ ಗೆಲಾಕ್ಸಿಗೆ ಯಾಕೆ ಹೋಗ್ತೀಯ?" ಶಾಲೆಗಳಿಗೆ ಮಾತಾಡಲು ಹೋದರೆ ಮಕ್ಕಳೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಮಾವನಿಗೆ ಜಗಲಿ ಮೇಲೆ ಕೂತು ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಪೂರ್ತಿ ಬರೆಯುತ್ತೇನೆ.

ಆರಿದ್ರ ಅಂದರೆ ಆರ್ದ್ರಾ, ಪುಸ್ತಕಗಳಲ್ಲಿ ಬೀಟಲ್‌ಜ್ಯೂಸ್. ಜೂನ್ ಕೊನೆಗೆ ಆರಿದ್ರ ಮಳೆ ಹಿಡಿಯುವಾಗ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ಹಾಗಾಗಿ ಆಗ ನಕ್ಷತ್ರ ಕಾಣುವುದಿಲ್ಲ. ಜನವರಿಯ ಸಂಜೆ ಪೂರ್ವಕ್ಕೆ ತಿರುಗಿದರೆ ಕೆಂಡದ ಬಣ್ಣದಲ್ಲಿ ಎದ್ದು ಕಾಣುತ್ತದೆ. ಇಷ್ಟು ಪರಿಚಯದ ನಕ್ಷತ್ರ ಎಷ್ಟು ದೂರದಲ್ಲಿದೆ ಅನ್ನುವುದೇ ಇನ್ನೂ ಗಟ್ಟಿಯಾಗಿಲ್ಲ. 1997ರಲ್ಲಿ ಹಿಪಾರ್ಕಸ್ ಉಪಗ್ರಹದ ಅಳತೆ ಸುಮಾರು 430 ಜ್ಯೋತಿರ್ವರ್ಷ ಎಂದಿತು. 2017ರಲ್ಲಿ ರೇಡಿಯೊ ಅಳತೆಗಳನ್ನೂ ಸೇರಿಸಿ ಲೆಕ್ಕ ಹಾಕಿದಾಗ ಅದು ಸುಮಾರು 720ಕ್ಕೆ ಹೋಯಿತು. ದೂರ ಇಷ್ಟು ಬದಲಾದರೆ ನಕ್ಷತ್ರದ ನಿಜವಾದ ಬೆಳಕು 2.8 ಪಟ್ಟು ಬದಲಾಗುತ್ತದೆ, ಅದರ ಜೊತೆಗೆ ತೂಕ, ವಯಸ್ಸು ಎಲ್ಲವೂ. ತೊಂದರೆ ಇರುವುದು ನಕ್ಷತ್ರದ ಗಾತ್ರದಲ್ಲೇ. ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಆಕಾಶದಲ್ಲಿ ಒಂದಿಷ್ಟು ಕದಲಿದಂತೆ ಕಾಣುತ್ತದೆ, ದೂರ ತಿಳಿಯುವುದು ಅದರಿಂದ. ಆರಿದ್ರದ ಬಿಂಬ ಆ ಕದಲಿಕೆಗಿಂತ ಹಲವು ಪಟ್ಟು ಅಗಲ, ಸಾಲದ್ದಕ್ಕೆ ಅದರ ಮೈಮೇಲೆ ಗಂಜಿ ಕುದಿಯುವ ಹಾಗೆ ಬೆಳಕಿನ ಮಚ್ಚೆಗಳು ಏಳುತ್ತ ಮುಳುಗುತ್ತ ಇರುತ್ತವೆ.

ಈಗ ದೊಡ್ಡ ಮೆಗೆಲ್ಲಾನಿಕ್ ಮೋಡಕ್ಕೆ ಬನ್ನಿ. ನಮ್ಮ ಆಕಾಶಗಂಗೆಯ ಪಕ್ಕದ ಚಿಕ್ಕ ಗೆಲಾಕ್ಸಿ. ಅದರ ದೂರ ಸುಮಾರು 1.62 ಲಕ್ಷ ಜ್ಯೋತಿರ್ವರ್ಷ, 2019ರ ಅಳತೆಯಲ್ಲಿ ತಪ್ಪು ಶೇಕಡಾ ಒಂದರಷ್ಟು ಮಾತ್ರ. ರಾತ್ರಿ ಬೆಟ್ಟದ ಮೇಲಿಂದ ದೂರದ ಊರಿನ ದೀಪ ನೋಡಿದ ಹಾಗೆ ಇದು: ಎಲ್ಲ ದೀಪವೂ ಹೆಚ್ಚುಕಡಿಮೆ ಒಂದೇ ದೂರ, ಜೋರಾಗಿ ಕಾಣುವುದು ನಿಜಕ್ಕೂ ಜೋರಾದ ದೀಪವೇ. ನಮ್ಮ ಬೀದಿಯಲ್ಲಿ ನಿಂತರೆ ಆ ಭರವಸೆ ಇರುವುದಿಲ್ಲ.

ಮಾವ ಅಷ್ಟಕ್ಕೇ ತಲೆದೂಗಿದರು. ನನಗೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ.

ಸೂರ್ಯನಂಥ, ಸೂರ್ಯನಿಗಿಂತ ಕೆಲವು ಪಟ್ಟು ತೂಕದ ನಕ್ಷತ್ರಗಳು ಕೊನೆಗಾಲದಲ್ಲಿ ಊದಿ ಕೆಂಪು ದೈತ್ಯಗಳಾಗುತ್ತವೆ. ಒಳಗೆ ಹೀಲಿಯಂ ಸಾವಿರಾರು ವರ್ಷಗಳಿಗೊಮ್ಮೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ತಯಾರಾದ ಇಂಗಾಲವನ್ನು ಹೊರಪದರದ ಕುದಿತ ಬಾಚಿ ಮೇಲಕ್ಕೆ ತರುತ್ತದೆ. ಮೇಲೆ ಬಂದ ಇಂಗಾಲದ ಒಂದೊಂದು ಪರಮಾಣುವೂ ಆಮ್ಲಜನಕದ ಒಂದು ಪರಮಾಣುವನ್ನು ಹಿಡಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಈ ಜೋಡಿ ಸುಲಭಕ್ಕೆ ಬಿಡುವುದಿಲ್ಲ. ಆಮ್ಲಜನಕ ಮಿಕ್ಕರೆ ಅದು ನೀರಾವಿ, ಟೈಟಾನಿಯಂ ಆಕ್ಸೈಡ್ ಆಗುತ್ತದೆ, ನಕ್ಷತ್ರ ಉಗುಳುವ ಧೂಳು ಮರಳಿನ ಜಾತಿಯದು. ಇಂಗಾಲ ಮಿಕ್ಕರೆ ಧೂಳು ಮಸಿ, ನಕ್ಷತ್ರಕ್ಕೆ ಇಂಗಾಲ ನಕ್ಷತ್ರ ಎಂದೇ ಹೆಸರು. ದೊಡ್ಡದು, ಚಿಕ್ಕದು ಎಂಬ ಎರಡೂ ಮೆಗೆಲ್ಲಾನಿಕ್ ಮೋಡಗಳಲ್ಲಿ ಹುಟ್ಟಿನಿಂದಲೇ ಭಾರದ ಧಾತುಗಳು, ಅಂದರೆ ಹೈಡ್ರೋಜನ್, ಹೀಲಿಯಂ ಬಿಟ್ಟು ಆಮ್ಲಜನಕದಂಥ ಉಳಿದವೆಲ್ಲ, ಕಡಿಮೆ. ಸೂರ್ಯನಿಗೆ ಹೋಲಿಸಿದರೆ ದೊಡ್ಡದರಲ್ಲಿ ಸುಮಾರು ಅರ್ಧ, ಚಿಕ್ಕದರಲ್ಲಿ ಐದರಲ್ಲೊಂದು ಪಾಲು. ಆಮ್ಲಜನಕ ಮೊದಲೇ ಕಡಿಮೆ ಇರುವುದರಿಂದ ಸ್ವಲ್ಪ ಇಂಗಾಲ ಬಂದರೂ ತಕ್ಕಡಿ ಆ ಕಡೆಗೆ ವಾಲುತ್ತದೆ. ಅಲ್ಲಿ ಇಂಗಾಲ ನಕ್ಷತ್ರಗಳು ಸಾವಿರಗಟ್ಟಲೆ ಸಿಗುತ್ತವೆ, ಆಕಾಶಗಂಗೆಯ ನಡುವಿನ ಉಬ್ಬಿನಲ್ಲಿ ಹುಡುಕಿದರೂ ಅಪರೂಪ. ಅದೇ ಅಡುಗೆ ಬೇರೆ ಅಳತೆಯ ಸಾಮಾನಿನಲ್ಲಿ ಹೇಗೆ ಬರುತ್ತದೆ ಅಂತ ನೋಡಲು ಆರಿದ್ರದ ಹತ್ತಿರ ಕೂತರೆ ಆಗುವುದಿಲ್ಲ.

ಈ ನಕ್ಷತ್ರಗಳ ಮೈ ಬಿಸಿ ಸುಮಾರು 3000 ಕೆಲ್ವಿನ್. ಹಾಗಾಗಿ ಬೆಳಕು ಅತಿ ಜೋರಾಗಿರುವುದು ಕಣ್ಣಿಗೆ ಕಾಣದ ಅವಕೆಂಪಿನಲ್ಲಿ, ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ತರಂಗಾಂತರದ ಆಸುಪಾಸಿನಲ್ಲಿ. ಅವುಗಳದೇ ಧೂಳನ್ನೂ ಅವಕೆಂಪು ಸಾಕಷ್ಟು ದಾಟಿ ಬರುತ್ತದೆ. ಬೆಂಗಳೂರಿನಿಂದ ದೊಡ್ಡ ಮೋಡ ದಿಗಂತದ ಮೇಲೆ ಏಳೆಂಟು ಡಿಗ್ರಿ ಏರಿದರೆ ಹೆಚ್ಚು. ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ದೂರದರ್ಶಕಕ್ಕೆ ಉದಯಿಸುವುದೇ ಇಲ್ಲ. ಚಿಲಿಯ ಪರನಾಲ್ ಬೆಟ್ಟದ 8.2 ಮೀಟರ್ ದೂರದರ್ಶಕಕ್ಕೆ ಜೋಡಿಸಿದ ಎಕ್ಸ್-ಶೂಟರ್ ಉಪಕರಣದ ರೋಹಿತಗಳು (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅಂತ ತೋರಿಸುವ ಗೆರೆಗಳು) ಸಾಮಾನ್ಯವಾಗಿ ಒಂದು ವರ್ಷದ ನಂತರ ಎಲ್ಲರಿಗೂ ಮುಕ್ತ. ಅವುಗಳನ್ನೇ ನಾನು ಬಿಡಿಸುತ್ತ ಕೂರುವುದು.

ಫೈಲ್ ತೆರೆದರೆ ಮೊದಲು ಕಾಣುವುದು ನಮ್ಮ ಭೂಮಿಯೇ. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಹೈಡ್ರಾಕ್ಸಿಲ್ ಅಣುಗಳು ರಾತ್ರಿಯಿಡೀ ಮಿನುಗುತ್ತವೆ, ಪರದೆಯ ಮೇಲೆ ಬೇಲಿಯ ಗೂಟಗಳಂತೆ ಸಾಲಾಗಿ ನಿಲ್ಲುತ್ತವೆ. ಅದಕ್ಕೇ ನಕ್ಷತ್ರವನ್ನು ಸೀಳುಗಂಡಿಯ (ಉಪಕರಣದೊಳಕ್ಕೆ ಬೆಳಕು ಬಿಡುವ ಕಿರಿದಾದ ಸಂದು) ಎರಡು ಜಾಗದಲ್ಲಿ, ಎ-ಬಿ-ಬಿ-ಎ ಕ್ರಮದಲ್ಲಿ ಹಿಡಿದು ಒಂದರಿಂದ ಇನ್ನೊಂದನ್ನು ಕಳೆಯುತ್ತೇವೆ. ಗೂಟಗಳು ಹೋಗುತ್ತವೆ. ನಮ್ಮ ಗಾಳಿಯ ತೇವ 1.4 ಮತ್ತು 1.9 ಮೈಕ್ರಾನ್ ಬಳಿ ಬೆಳಕು ನುಂಗಿ ಮಾಡಿದ ಹೊಂಡಗಳು ಉಳಿಯುತ್ತವೆ. ನಕ್ಷತ್ರದ ನೀರಾವಿ ಬೆಳಕು ನುಂಗುವುದೂ ಅಲ್ಲೇ! ಆದರೆ ಅಲ್ಲಿಯದು ಸಾವಿರಾರು ಡಿಗ್ರಿ ಕಾದ ಆವಿ, ಅದರ ಹೊಂಡ ನಮ್ಮದಕ್ಕಿಂತ ಅಗಲವಾಗಿ ಹರಡುತ್ತದೆ. ನಮ್ಮ ಹೊಂಡದ ದಡಗಳು ಎರಡೂ ಕಡೆ ಇಳಿಜಾರಾಗಿದ್ದರೆ ಅದು ನಕ್ಷತ್ರದ ನೀರು.

2.29 ಮೈಕ್ರಾನಿಗೆ ಬಂದರೆ ಗೆರೆ ಮೆಟ್ಟಿಲಿನಿಂದ ಜಾರಿದ ಹಾಗೆ ಕೆಳಗೆ ಬೀಳುತ್ತದೆ, ಅಲ್ಲಿಂದ ಮುಂದೆ ಗರಗಸದ ಹಲ್ಲು. ಅದೇ ಕಾರ್ಬನ್ ಮಾನಾಕ್ಸೈಡ್. ಹೊಂಡಗಳ ಇಳಿಜಾರು ಇಲ್ಲದೆ 1.77ರಲ್ಲಿ ಇನ್ನೊಂದು ಚೂಪಾದ ಮೆಟ್ಟಿಲು ಕಂಡರೆ ಅದು ಇಂಗಾಲದ ಎರಡು ಪರಮಾಣು ಕೂಡಿದ ಗುರುತು, ಇಂಗಾಲ ನಕ್ಷತ್ರ ಸಿಕ್ಕಿತು ಅಂತ. ಮೊದಲ ಸಲ ಆ ಮೆಟ್ಟಿಲನ್ನು ನಾನೇ ಬಿಡಿಸಿ ತೆಗೆದ ದಿನ ಹೊಸಕೋಟೆಯ ಬಸ್ಸಿನಲ್ಲಿ ನಿಂತುಕೊಂಡೇ ಅಮ್ಮನಿಗೆ ಫೋನ್ ಮಾಡಿದ್ದೆ.

ಕಳೆದ ಸಲ ಮಾವನಿಗೆ ಲ್ಯಾಪ್‌ಟಾಪಿನಲ್ಲಿ ಎರಡು ನಕ್ಷತ್ರಗಳ ರೋಹಿತ ತೋರಿಸಿದೆ. ಅವರು ಕನ್ನಡಕ ಏರಿಸಿ, ಇಳಿಜಾರಿದ್ದ ಗೆರೆಯ ಮೇಲೆ ಬೆರಳಿಟ್ಟು, "ಇದು ನೀರು ಇರೋದು, ಅಲ್ವೇನಮ್ಮಾ?" ಅಂದರು. ಹೌದು ಮಾವ, ಅದೇ.