ದಸರೆಯ ಪೊಲೀಸ್ ಬ್ಯಾಂಡಿನಲ್ಲಿ ವಾಸುದೇವಾಚಾರ್ಯರನ್ನು ಕೇಳಲು ಹೋಗುವವರಿಗೆ

ಮೈಸೂರು ದಸರೆಯಲ್ಲಿ ಅರಮನೆ ಅಂಗಳದ ಸಂಗೀತ ಕಾರ್ಯಕ್ರಮಕ್ಕೆ ಬರುವವರು ಸಾಮಾನ್ಯವಾಗಿ ದೊಡ್ಡ ಗಾಯಕರ ದಿನ ನೋಡಿಕೊಂಡು ಬರುತ್ತಾರೆ. ಕರ್ನಾಟಕ ಸಂಗೀತದ ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರ (1865–1961) ಕೃತಿಗಳನ್ನು ಮೆಚ್ಚುವವರು ಪೊಲೀಸ್ ಬ್ಯಾಂಡಿನ ಸಮೂಹ ವಾದನದ ದಿನವನ್ನು ಆರಿಸಿಕೊಳ್ಳುವುದು ಮೇಲು. ಗಾಯನ ಬೆಂಗಳೂರಿನಲ್ಲೂ ಸಿಗುತ್ತದೆ. ಕ್ಲಾರಿನೆಟ್, ಸ್ಯಾಕ್ಸೋಫೋನ್, ಟ್ರಂಪೆಟ್‌ಗಳಲ್ಲಿ ಕೃತಿ ನುಡಿಸುವ ವೈಭವ ಕೇಳಬೇಕೆಂದರೆ ಮೈಸೂರಿಗೇ ಬರಬೇಕು. ಕದ್ರಿ ಗೋಪಾಲನಾಥರು ಸ್ಯಾಕ್ಸೋಫೋನಿನ ಬೆನ್ನು ಹತ್ತಿದ್ದೂ ಇಲ್ಲಿಯ ಅರಮನೆ ಬ್ಯಾಂಡ್ ಕೇಳಿಯೇ.

ಬ್ಯಾಂಡಿನ ದಿನ ವರ್ಷವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಆ ವರ್ಷದ ಕಾರ್ಯಕ್ರಮ ಪಟ್ಟಿ ಹೊರಬೀಳುವವರೆಗೆ ಕೋಣೆ ಕಾಯ್ದಿರಿಸಬೇಡಿ. ಕರ್ನಾಟಕ ಸಂಗೀತ ನುಡಿಸುವ ವಾದ್ಯವೃಂದ, ಪಾಶ್ಚಾತ್ಯ ಸಂಗೀತದ ಆಂಗ್ಲ ವಾದ್ಯವೃಂದ ಎರಡೂ ಇರುತ್ತವೆ. ಕೃತಿಗಳಿಗಾಗಿ ಬರುವವರು ಮೊದಲನೆಯದನ್ನು ತಪ್ಪಿಸಿಕೊಳ್ಳಬಾರದು.

ಮೈಸೂರು ಮಂಡ್ಯದಿಂದ 45 ಕಿ.ಮೀ., ಬೆಂಗಳೂರಿನಿಂದ ಸುಮಾರು 140 ಕಿ.ಮೀ. ಕಾರಿಗಿಂತ ರೈಲು ವಾಸಿ, ಏಕೆಂದರೆ ದಸರೆಯ ಸಂಜೆ ಅರಮನೆ ಸುತ್ತಲಿನ ರಸ್ತೆಗಳು ಏಕಮುಖವಾಗುತ್ತವೆ, ಕೆಲವು ಮುಚ್ಚಿಯೇ ಇರುತ್ತವೆ. ನಿಲ್ದಾಣದಿಂದ ಇರ್ವಿನ್ ರಸ್ತೆ, ಸಯ್ಯಾಜಿರಾವ್ ರಸ್ತೆ ಹಿಡಿದು ಕೆ.ಆರ್. ವೃತ್ತದ ಕಡೆಗೆ ನಡೆದರೆ ಅರ್ಧ ಗಂಟೆಯ ದಾರಿ, ಜೊತೆಗೆ ದೀಪಾಲಂಕಾರವೂ ನೋಡಿದಂತಾಗುತ್ತದೆ. ಆಟೋದಲ್ಲಿ ಕೂತರೆ ಅದೇ ದೂರಕ್ಕೆ ಹೆಚ್ಚು ಹೊತ್ತು ಹಿಡಿಯುವುದುಂಟು. ಹಗಲಿನಲ್ಲಿ ಅರಮನೆ ನೋಡುವವರು ದಕ್ಷಿಣದ ವರಾಹ ದ್ವಾರದಿಂದ ಹೋಗುತ್ತಾರೆ. ಸಂಜೆ ಯಾವ ದ್ವಾರ ತೆರೆದಿದೆ ಎಂಬುದನ್ನು ಆ ದಿನವೇ ಪೊಲೀಸರನ್ನು ಕೇಳಿ ತಿಳಿಯಬೇಕು; ತಪ್ಪಾದ ಕಡೆ ಹೋದರೆ ಕೋಟೆಯನ್ನು ಅರ್ಧ ಸುತ್ತಬೇಕಾಗುತ್ತದೆ.

ಈಗ ಮುಖ್ಯ ವಿಷಯ, ಎಲ್ಲಿ ಕೂರಬೇಕು ಎಂಬುದು. ಮುಂದಿನ ಸಾಲುಗಳು ಪಾಸ್ ಇದ್ದವರಿಗೆ. ಅದಕ್ಕೆ ಬೇಸರಪಡಬೇಕಿಲ್ಲ, ಅಲ್ಲಿ ಪಕ್ಕದ ಸ್ಪೀಕರಿನ ತಾಳವಾದ್ಯವೇ ಕಿವಿಗೆ ಬಡಿಯುತ್ತದೆ. ಶಬ್ದ ಹೊಂದಿಸುವ ಮಿಕ್ಸರ್ ಮೇಜು ಎಲ್ಲಿದೆ ನೋಡಿ, ಅದರ ಆಸುಪಾಸಿನಲ್ಲಿ ಕುರ್ಚಿ ಹಿಡಿಯಿರಿ. ಅಲ್ಲಿ ಕೂತವನ ಕಿವಿಗೆ ಹಿತವಾಗುವಂತೆಯೇ ಎಲ್ಲವನ್ನೂ ಹೊಂದಿಸಿರುತ್ತಾರೆ. ತೀರಾ ಹಿಂದೆ ಬೇಡ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಹತ್ತಿರದ ಸ್ಪೀಕರಿಗೂ ವೇದಿಕೆಯ ಸ್ಪೀಕರಿಗೂ 34 ಮೀಟರ್ ಅಂತರವಿದ್ದು, ಆ ವ್ಯತ್ಯಾಸವನ್ನು ಯಂತ್ರದಲ್ಲಿ ಸರಿಪಡಿಸದಿದ್ದರೆ ಒಂದೇ ಸ್ವರ ಸೆಕೆಂಡಿನ ಹತ್ತನೇ ಒಂದು ಭಾಗ ಬಿಟ್ಟು ಎರಡು ಸಲ ಕೇಳುತ್ತದೆ. ನಿಧಾನದ ಪಲ್ಲವಿಗೆ ಅಡ್ಡಿಯಿಲ್ಲ, ಚುರುಕಿನ ಚಿಟ್ಟೆಸ್ವರ (ಕೃತಿಯ ನಡುವೆ ಬರುವ ಸಿದ್ಧ ಸ್ವರಗುಚ್ಛ) ಮಾತ್ರ ಕಲಸಿಹೋಗುತ್ತದೆ.

ಆಚಾರ್ಯರ ‘ಬ್ರೋಚೇವಾರೆವರುರಾ’ ಕೃತಿ ಪಟ್ಟಿಯಲ್ಲಿದ್ದರೆ ಬರುವ ಮುಂಚೆ ಯಾರಾದರೂ ಹಾಡಿದ್ದನ್ನು ಒಮ್ಮೆ ಕೇಳಿಕೊಂಡು ಬನ್ನಿ. ಖಮಾಚ್ ರಾಗ, ಆದಿತಾಳ. ಬ್ಯಾಂಡಿನಲ್ಲಿ ಸಾಹಿತ್ಯ ಇರುವುದಿಲ್ಲವಾದ್ದರಿಂದ ಪಲ್ಲವಿಯ ಸಂಗತಿಗಳು (ಒಂದೇ ಸಾಲಿನ ಬಗೆಬಗೆಯ ರೂಪಗಳು) ಒಂದರ ಮೇಲೊಂದು ಬೆಳೆಯುವುದನ್ನೇ ಹಿಡಿಯಬೇಕು. ಕ್ಲಾರಿನೆಟ್ಟಿನವರು ತುಟಿಯ ಬಿಗಿ ಸಡಿಲಿಸಿ, ರಂಧ್ರವನ್ನು ಅರ್ಧ ಮುಚ್ಚಿ ಜಾರು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ನುಣುಪಾಗಿ ಸರಿಯುವುದನ್ನು, ತರಬಲ್ಲರು. ಟ್ರಂಪೆಟ್ಟಿಗೆ ಇರುವುದು ಮೂರು ಕವಾಟ. ಒತ್ತಿದರೆ ಸ್ವರ ಜಿಗಿಯುತ್ತದೆ, ಜಾರುವುದು ಕಷ್ಟ. ಆದ್ದರಿಂದ ಬುದ್ಧಿವಂತ ಸಂಯೋಜಕರು ಅದಕ್ಕೆ ನೀಳ ಸ್ವರಗಳನ್ನಷ್ಟೇ ಕೊಡುತ್ತಾರೆ. ಖಮಾಚಿನಲ್ಲಿ ಕೈಶಿಕಿ ನಿಷಾದದ (ತಗ್ಗಿನ ‘ನಿ’) ಜೊತೆಗೆ ಅಲ್ಲಲ್ಲಿ ಕಾಕಲಿಯೂ (ಏರಿದ ‘ನಿ’) ಇಣುಕುತ್ತದೆ. ಆಗ ಹಿನ್ನೆಲೆಯ ಹಿತ್ತಾಳೆ ವಾದ್ಯಗಳು ಹಳೆಯ ನಿಷಾದದಲ್ಲೇ ನಿಂತಿದ್ದರೆ ಕರ್ಕಶವಾಗುತ್ತದೆ. ಸಂಯೋಜನೆ ಒಳ್ಳೆಯದೋ ಅಲ್ಲವೋ ಅಲ್ಲೇ ಗೊತ್ತಾಗಿಬಿಡುತ್ತದೆ.

ಬ್ಯಾಂಡಿಗೆ ಹೆಚ್ಚು ಒಗ್ಗುವುದು ಐದೇ ಸ್ವರಗಳ ರಾಗಗಳು: ಹಿಂದೋಳದ ‘ಮಾಮವತು ಶ್ರೀ ಸರಸ್ವತಿ’, ಮೋಹನದ ‘ರಾರಾ ರಾಜೀವಲೋಚನ’. ಬೇಗಡೆಯಂಥ ಗಮಕ (ಸ್ವರದ ತೂಗಾಟ, ಕಂಪನ) ತುಂಬಿದ ರಾಗವನ್ನು ಇಲ್ಲಿ ನಿರೀಕ್ಷಿಸಿ ನಿರಾಶರಾಗುವುದು ಬೇಡ.

ಮೊದಲ ಕೃತಿ ಕೇಳಿಯೇ ತೀರ್ಪು ಕೊಡಬೇಡಿ. ತಂಪುಗಾಳಿಯಲ್ಲಿ ಊದುವ ವಾದ್ಯಗಳ ಶ್ರುತಿ ಇಳಿಯುತ್ತದೆ. ಊದಿ ಊದಿ ಕೊಳವೆ ಬಿಸಿಯಾದ ಮೇಲೆ ಏರಿ ಹದಕ್ಕೆ ಬರುತ್ತದೆ. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಹೊತ್ತಿದೊಡನೆ ಅರ್ಧ ಸಭೆ ಎದ್ದು ಮೊಬೈಲ್ ಎತ್ತುತ್ತದೆ. ಆ ಗದ್ದಲದಲ್ಲಿ ಪಲ್ಲವಿಯ ನಂತರದ ಅನುಪಲ್ಲವಿ ಒಂದು ಹೋಯಿತೆಂದೇ ಲೆಕ್ಕ.

ಅಂಗಳಕ್ಕೆ ಸೂರಿಲ್ಲ, ದಸರೆಗೆ ಮಳೆ ಬರುವುದು ಹೊಸದಲ್ಲ. ಕೊಡೆ ಬಿಚ್ಚಿದರೆ ಹಿಂದಿನವರಿಗೆ ವೇದಿಕೆ ಕಾಣುವುದಿಲ್ಲ, ರೇನ್‌ಕೋಟ್ ತನ್ನಿ. ಕುರ್ಚಿ ಒರೆಸಲು ಹಳೆಯ ಟವೆಲ್ ಇರಲಿ. ಹನಿ ಬಿದ್ದೊಡನೆ ಮೈಕು, ವಿದ್ಯುತ್ ಸಂಪರ್ಕ ತೆಗೆಯುತ್ತಾರೆ. ನಿಂತ ಮೇಲೆ ಮತ್ತೆ ಜೋಡಿಸಿ ಪರೀಕ್ಷಿಸಲು ಹೊತ್ತಾಗುತ್ತದೆ. ಅದರ ಮೇಲೆ ಭಾಷಣ, ಸನ್ಮಾನ ಬೇರೆ. ರಾತ್ರಿಯೇ ವಾಪಸು ಹೊರಡುವವರು ಕೊನೆಯ ರೈಲನ್ನು ನಂಬಿ ಕೂರದೆ, ಗ್ರಾಮಾಂತರ ಬಸ್ ನಿಲ್ದಾಣದಿಂದ ಆಮೇಲೆ ಯಾವ ಬಸ್ಸುಗಳಿವೆ ಎಂದು ಸಂಜೆಯೇ ವಿಚಾರಿಸಿಟ್ಟುಕೊಳ್ಳಿ.